ಮಸಿ

ಶನಿವಾರ ಯಾರೂ ಓದುವಂತಿಲ್ಲ.
ಬಾಲಿಯ ಮೂಡಣ ಅಂಚಿನ ಈ ಮನೆಯಲ್ಲಿ
ಪುಸ್ತಕಗಳೆಲ್ಲ ಚಾಪೆಯ ಮೇಲೆ ಮಲಗಿವೆ:
ಅಜ್ಜ ಕೊರೆದ ಓಲೆಕಟ್ಟುಗಳು, ಪಕ್ಕದಲ್ಲಿ
ಕೊಮಾಂಗಳ ಎಂಟನೇ ತರಗತಿಯ ಗಣಿತ,
ಮೇಲೆ ಹಲ್ಲಿಯಾಕಾರದ ಅಕ್ಕಿಹಿಟ್ಟಿನ ಕಜ್ಜಾಯ,
ಚೆಂಡುಹೂ, ಊದಿನಕಡ್ಡಿಯ ಬೂದಿ.

ಸೋಮವಾರ ಪರೀಕ್ಷೆ.
"ಇವತ್ತು ಸರಸ್ವತಿ ಓದಿಕೊಳ್ಳುತ್ತಾಳೆ, ನೀನು ಸುಮ್ಮನಿರು."
ಅಜ್ಜನ ಹೆಸರು ಸ್ವೇಚ. ಊರು ಕರೆಯುವುದು ಮಂಕು ಎಂದು;
ಅಲ್ಲಿ ಅದಕ್ಕೆ ಗುಡಿಯ ಪೂಜಾರಿ ಎಂದರ್ಥ.
ನಮ್ಮ ಅರ್ಥ ಹೊಂದುತ್ತಿದ್ದುದು ಕಣ್ಣಿಗೆ ಮಾತ್ರ:
ಎರಡು ವರ್ಷದಿಂದ, ಎರಡೂ ಗುಡ್ಡೆಗೆ ಪೊರೆ.

ಆದರೂ ಬೆರಳಿಗೆ ಗೊತ್ತು ಸಾಲು.
ಕತ್ತಿಯ ಮೊನೆಯನ್ನು ಎಡ ಹೆಬ್ಬೆರಳಿಗೆ ಆನಿಸಿ
ಒಂದೊಂದೇ ಅಕ್ಷರವನ್ನು ಒಳಕ್ಕೆ ನೂಕುತ್ತಾರೆ.
ಕೊರೆದ ಮೇಲೂ ಓಲೆ ಖಾಲಿಯಂತೆಯೇ.
ಕೆಮಿರಿ ಕಾಯಿ ಸುಟ್ಟ ಎಣ್ಣೆಗಪ್ಪನ್ನು
ಕೊಮಾಂಗ್ ತಿಕ್ಕಬೇಕು, ಬಟ್ಟೆಯಲ್ಲಿ ಒರೆಸಬೇಕು.
ಗಾಯದೊಳಗಷ್ಟೇ ಕಪ್ಪು ಉಳಿದು
ಆಗ ಅಕ್ಷರ ಕಣ್ಬಿಡುತ್ತದೆ.

"ಅವಿದ್ಯೆ ಕತ್ತಲೆ ಅಂತಾರೆ ಶಾಲೆಯಲ್ಲಿ,"
ಒಮ್ಮೆ ಕೇಳಿದ್ದಳು, "ಇಲ್ಲಿ ಕತ್ತಲೆಯೇ ಓದಿಸುತ್ತದಲ್ಲ?"
ಅಜ್ಜ ವೀಳ್ಯ ಜಗಿಯುತ್ತ
ಪ್ರಶ್ನೆ ಮರೆತವರಂತೆ ಕೂತಿದ್ದರು.

ಭಾನುವಾರ ನಸುಕಿಗೇ ಊರು ಕಡಲಿಗಿಳಿಯಿತು.
ಅರಿವಿನ ನೀರು ಎನ್ನುತ್ತಾರೆ ಈ ಮೀಹಕ್ಕೆ.
ಕಪ್ಪು ಮರಳು. ಅಲೆಯೊಂದು ಬಂದು
ಕೊಮಾಂಗಳ ಬಲಗಾಲಿನ ಚಪ್ಪಲಿ ಒಯ್ದಿತು.
ಉಗುರುಸಂದಿಯ ಮಸಿ ಮಾತ್ರ ಹೋಗಲಿಲ್ಲ.

ಮನೆಗೆ ಬಂದದ್ದೇ ಅಜ್ಜ ಓಲೆಯೊಂದನ್ನು ಚಾಚಿದರು:
"ಶುಕ್ರವಾರ ಕೊರೆದದ್ದು. ತಿಕ್ಕು."
ತಿಕ್ಕಿದಳು. ಒರೆಸಿದಳು. ಮತ್ತೆ ತಿಕ್ಕಿದಳು.
ಬೆಳಕಿಗೆ ಓರೆಯಾಗಿ ಹಿಡಿದಳು.
ಒಂದು ಗೀರಿಲ್ಲ.
ಕೈ ಸೋತಿರಬೇಕು, ಕತ್ತಿ ಗಾಳಿಯಲ್ಲೇ ಬರೆದಿರಬೇಕು.
ಹೇಗೆ ಹೇಳುವುದು ಇದನ್ನು, ಪೊರೆ ಬಂದವರಿಗೆ?
ಕೊನೆಗೆ: "ಏನೂ ಇಲ್ಲ, ಅಜ್ಜ."

"ಇಲ್ಲ ಅನ್ನುವುದನ್ನು ಕಂಡವರು ಯಾರು?"
"ನಾನು."
"ಅವಳು ಕಾಣಲಿ ಅಂತ ಮಸಿ ಹಚ್ಚಿದೆಯಾ?"

ಕೊಮಾಂಗ್ ಮಾತಾಡಲಿಲ್ಲ.
ಅಂಗಳದಲ್ಲಿ ಕೋಳಿಯೊಂದು
ನಿನ್ನೆಯ ಹಲ್ಲಿಕಜ್ಜಾಯದ ಬಾಲ ಕುಕ್ಕುತ್ತಿತ್ತು.
ಬೇಕೆಂದೇ ಖಾಲಿ ಕೊಟ್ಟರೋ,
ತಪ್ಪಿದ ಕೈಯನ್ನೇ ಪಾಠ ಮಾಡಿಕೊಂಡರೋ,
ಅವಳಿಗೆ ಇಂದಿಗೂ ಗೊತ್ತಿಲ್ಲ.

ಆ ಓಲೆಯನ್ನು ಕಟ್ಟಿನೊಳಗೇ ಸೇರಿಸಿದರು,
ತೂತಿಗೆ ದಾರ ಪೋಣಿಸಿ, ಇತರ ಓಲೆಗಳಂತೆಯೇ.

ಅವಳು ಗಣಿತ ತೆರೆದಳು.
ಪುಟದ ಅಂಚಿನಲ್ಲಿ ಹೆಬ್ಬೆರಳು ಒತ್ತಿ ಮೂಡಿತು,
ಸುಳಿಸುಳಿಯಾಗಿ, ಕಪ್ಪಗೆ,
ಅವಳದೇ.