ಇದ್ದದ್ದು ಇದ್ದ ಹಾಗೆ

ಲಾಟ್ ಮುನ್ನೂರ ಹದಿನೇಳು:
ರಟ್ಟಿನ ಡಬ್ಬ ಒಂದು, ಬೆರಕೆ ಸರಕು,
ಇದ್ದದ್ದು ಇದ್ದ ಹಾಗೆ, ವಾಪಸಿಲ್ಲ.
ಹಾತಿಮ್ ಭಾಯಿಯ ಬಗ್ಗೆ ಕ್ಯಾಟಲಾಗು ಹೇಳಿದ್ದು ಇಷ್ಟು.

ಬೋರಾ ಬಜಾರಿನ ಮೆಟ್ಟಿಲ ಕೆಳಗೆ
ಕಪಾಟಿನಷ್ಟೇ ಅಗಲದ ಅಂಗಡಿ.
ಮೇ ತಿಂಗಳಲ್ಲೂ ಫ್ಯಾನ್ ಹಾಕುತ್ತಿರಲಿಲ್ಲ:
ಹಂಗೇರಿ ಹಾರಿಹೋದರೆ ಹಿಡಿಯುವವರು ಯಾರು?
ನಾನು ಪಕ್ಕದ ಶಿಪ್ಪಿಂಗ್ ಆಫೀಸಿನ ಟಪಾಲು ಹುಡುಗ,
ಊಟದ ಡಬ್ಬಿ ಮುಚ್ಚಿ ಅವನೆದುರು ನಿಲ್ಲುವವನು.
"ಬೆರಳು ಬೇಡ, ಕಣ್ಣು ಸಾಕು," ಎಂದು ಚಿಮಟ ಕೊಡುತ್ತಿದ್ದ.

ಒಮ್ಮೆ ಕಪ್ಪು ತಟ್ಟೆಯಲ್ಲಿ
ಅರ್ಧಾಣೆಯ ನೀಲಿ ಚೀಟಿ ಬೋರಲು ಹಾಕಿ
ಬೆಂಜೀನಿನ ಒಂದೇ ಹನಿ ಬಿಟ್ಟ.
ಕಾಗದದ ಒಳಗಿಂದ ಆನೆಯ ತಲೆ ಎದ್ದು ಬಂತು,
ಕಿವಿ, ಸೊಂಡಿಲು, ಎಲ್ಲ.
ಉಸಿರು ಬಿಡುವಷ್ಟರಲ್ಲಿ ಆರಿಹೋಯಿತು.

ಈಗ ಹೋಟೆಲಿನ ಎ.ಸಿ. ಕೋಣೆ, ಕೈಗೊಂದು ನಂಬರಿನ ಹಲಗೆ.
ಫೋನಿನಲ್ಲಿ ಸಿಂಗಪುರದವನಾರೋ ಏರಿಸುತ್ತಿದ್ದ.
ನಾನೂ ಏರಿಸಿದೆ,
ಪಿಂಚಣಿಯವನು ಏರಿಸಬಾರದಷ್ಟು.
ಸುತ್ತಿಗೆ ಬಿತ್ತು. ಮೇಲೆ ಕಮಿಷನ್ನು, ಅದರ ಮೇಲೆ ಜಿ.ಎಸ್.ಟಿ.

ಕಲ್ಯಾಣ್ ಲೋಕಲ್.
ಮಸೀದಿ ಬಂದರ್ ದಾಟುವ ಮುಂಚೆಯೇ ದಾರ ಬಿಚ್ಚಿದೆ.
ಮೇಲೆ ಹಂಗೇರಿ, ಕೆಳಗೂ ಹಂಗೇರಿ,
ಅಡಿಯಲ್ಲಿ ಗುಜರಾತಿ ಲೆಕ್ಕದ ವಹಿ.
ಎಪ್ಪತ್ತೆಂಟನೇ ಇಸವಿ, ಆಗಸ್ಟ್:
"ಕಾನಡಿ ಛೋಕರೋ. ಆನೆ ಒಂದು. ಏಳೂವರೆ ಬಾಕಿ."

ನಾನು ಆನೆ ಕೊಂಡಿರಲೇ ಇಲ್ಲ.
ಬಾಯಿಬಿಟ್ಟು ಕೇಳಿಯೂ ಇರಲಿಲ್ಲ.
ಆ ಪುಟದ ಸಂದಿಯಲ್ಲಿ ಬೆಣ್ಣೆಕಾಗದದ ಲಕೋಟೆ,
ತೆರೆದರೆ ನೀಲಿಯ ಅಂಚು.
ಬೇಡ ಎನ್ನುವ ಮೊದಲೇ ಎದುರಿನವನೆದ್ದು
ಬಾಚಣಿಗೆಯಿಂದ ನಿಂತ ಫ್ಯಾನಿನ ರೆಕ್ಕೆ ತಿರುವಿದ.
ಎರಡೂ ಕೈ ಮುಚ್ಚಿ ಕೂತೆ, ಠಾಣೆಯವರೆಗೂ.