ನೀಲಿ ಡಬ್ಬಿ

ಭದ್ರಾವತಿಯ ಕಬ್ಬಿಣ ಕಾರ್ಖಾನೆಯಲ್ಲಿ
ಹಸ್ಕೇಲ್ ದಿವೇಕರ್, ಅಚ್ಚುಮರಳಿನ ಮೇಸ್ತ್ರಿ,
ಶನಿವಾರ ಕೆಲಸ ಮುಟ್ಟುತ್ತಿರಲಿಲ್ಲ.
ಅವನ ಪಾಳಿಗೆ ಅಪ್ಪ ಹೋಗುತ್ತಿದ್ದ,
ಅಪ್ಪನ ಗೌರಿಹಬ್ಬಕ್ಕೆ ಅವನು.

ಕ್ವಾರ್ಟರ್ಸಿನ ಗೂಡಿನಲ್ಲಿ ನೀಲಿ ತಗಡಿನ ಡಬ್ಬಿ.
"ಹಾಕು ಒಂದಾಣೆ, ನಮ್ಮ ನೆಲಕ್ಕೆ."
ಯಾವ ನೆಲ, ಎಷ್ಟು ಗುಂಟೆ, ಖಾತೆ ಯಾರ ಹೆಸರಲ್ಲಿ,
ಅಪ್ಪ ಕೇಳಲಿಲ್ಲ. ಹಾಕಿದ.

ಭಾನುವಾರ ಸಭೆ. ಹಾಜರಿ ನಾಲ್ಕು:
ತಾನು, ಹೆಂಡತಿ ಸಿಪ್ಪೋರಾಬಾಯಿ, ಒಬ್ಬ ಮೈದುನ,
ಚಹಾಕ್ಕೆಂದು ಬಂದ ಅಪ್ಪ.
ಆದರೂ ನಿಂತೇ ಭಾಷಣ,
ಸೈರನ್ನಿಗಿಂತ ಒಂದು ಸ್ವರ ಮೇಲೆ.

ಐವತ್ತರಲ್ಲಿ ಹೊರಟ. "ಕೊನೆಗೂ ಮನೆಗೆ" ಎಂದ,
ಕಂಡೇ ಇರದ ಮನೆಗೆ.

ಕಾಗದ ಬಂತು: ಮರಳು, ಗುಡಾರ.
"ಕರಿಯರಿಗೆ ಬೇರೆ ಬ್ರೆಡ್ಡು ಅಂದರು,
ಕಚೇರಿಯೆದುರು ಉಪವಾಸ ಕೂತೆ.
ಕಲಿತದ್ದು ನಿಮ್ಮ ಯೂನಿಯನ್ನಿನಲ್ಲೇ."
ಆಮೇಲೆ: "ಹಳೆಯ ಕಲ್ಲಿನ ಮನೆ ಕೊಟ್ಟರು.
ಗೋಡೆಯಲ್ಲಿ ದೀಪದ ಗೂಡಿದೆ, ಮಸಿ ಇನ್ನೂ ಹೋಗಿಲ್ಲ.
ಡಬ್ಬಿ ಅಲ್ಲಿಟ್ಟೆ."
ಆಮೇಲೆ: ಪುರಸಭೆಗೆ ಗೆದ್ದದ್ದು, ಹನ್ನೊಂದು ಮತದಿಂದ;
ನೀರಿನ ಸಮಿತಿಗೆ ಅಧ್ಯಕ್ಷ.

ಅದೇ ವಾರ ಶರಾವತಿಯ ಹಿನ್ನೀರು
ಅಮ್ಮನ ತವರಿನ ಹೊಸ್ತಿಲು ದಾಟಿತು.
ಅಜ್ಜಿ ನಮ್ಮಲ್ಲಿಗೆ ಬಂದಳು,
ಮುಳುಗಿದ ಬಾಗಿಲ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು.

ಅಪ್ಪ ಬರೆದ: "ಸಂತೋಷ, ಹಸ್ಕೇಲ್.
ಆ ಗೂಡಿನಲ್ಲಿ ದೀಪ ಇಡುತ್ತಿದ್ದವರು
ಈಗೆಲ್ಲಿದ್ದಾರೆ?"

ಎಂಟು ತಿಂಗಳಿಗೆ ಉತ್ತರ:
ಮಕ್ಕಳ ಕ್ಷೇಮ, ಕೊಳಾಯಿ ಜಗಳ, ಬೆನ್ನುನೋವು.
ಅಡಿಯಲ್ಲಿ ಬರೆದು ಹೊಡೆದುಹಾಕಿದ ಒಂದು ಸಾಲು.
ಅಪ್ಪ ಬಲ್ಬಿಗೆ ಹಿಡಿದು ತಿರುಗಿಸಿದ, ಮುರುಗಿಸಿದ.

"ಏನಂತೆ," ಅಂದಳು ಅಜ್ಜಿ,
"ಅಲ್ಲಿ ನೀರು ಸಾಕಷ್ಟು ಬರ್ತದಂತಾ?"