ಬಾಕಿ ಇಪ್ಪತ್ತೆಂಟು

ಓನರು ಕೊರಳಿಗೆ ಹಾಕಿಸಿದ ಕ್ಯೂಆರ್ ಕಾರ್ಡು,
ಲ್ಯಾಮಿನೇಶನ್ನಿನ ಒಂದು ಮೂಲೆ ಬಿಟ್ಟಿದೆ,
ಅಂಗಿಯ ಗುಂಡಿಗೆ ಸಿಕ್ಕಿಕೊಳ್ಳುತ್ತದೆ.
ಬೆಳಗಿನ ಏಳೂ ಹತ್ತರ ಹೊಸನಗರದ ಗಾಡಿ.
ಆಯನೂರು ದಾಟುವ ತನಕ ಒಬ್ಬೊಬ್ಬರೂ
ನನ್ನ ಎದೆಗೆ ಫೋನು ಹಿಡಿಯುತ್ತಾರೆ
ಡಾಕ್ಟರು ಹಿಡಿದ ಹಾಗೆ. ಮುಖ ನೋಡುವುದಿಲ್ಲ.

ಮೊದಲು ನನಗೂ ಯಾರ ಹೆಸರೂ ಗೊತ್ತಿರಲಿಲ್ಲ.
ಇಳಿಯುವ ಜಾಗವೇ ಹೆಸರು.
ಸಾಮಿಲ್ಲು ಅಂದರೆ ಕಡ್ಡಿ ಮುರಿದ ಕೊಡೆ,
ಡೈರಿ ಅಂದರೆ ದಿನಾ ಐನೂರರ ನೋಟು ತೋರಿಸಿ
ಚಿಲ್ಲರೆ ಇಲ್ಲವೆಂದು ಪುಕ್ಕಟೆ ಇಳಿಯುವ ಆಸಾಮಿ.
ಈಗ ಅವನ ದುಡ್ಡು ಬಿದ್ದರೆ
ಫೋನು ಪೂರ್ತಿ ಹೆಸರು ತೋರಿಸುತ್ತದೆ:
ಸದಾನಂದ ವಾಸುದೇವ ಕಾಮತ್.
'ಒಳಗೆ ಹೋಗ್ರೀ' ಎಂದು ಬೆನ್ನಿಗೆ ಕೈ ಹಾಕಲು
ಒಂದು ವಾರ ನಾಚಿಕೆಯಾಯಿತು.

ಗುಡ್ಡೇಕೆರೆಯಲ್ಲಿ ಹತ್ತುವ ಹೆಂಗಸು
ರಿಪ್ಪನ್‌ಪೇಟೆಯ ಝೆರಾಕ್ಸ್ ಅಂಗಡಿಯವಳು.
ಸರ್ಕಾರಿ ಬಸ್ಸಲ್ಲವಲ್ಲ ನಮ್ಮದು, ಹೆಂಗಸರಿಗೂ ಟಿಕೆಟ್ಟು.
ಅಲ್ಲಿ ನೆಟ್‌ವರ್ಕಿಲ್ಲ. ಅವಳು ಒತ್ತುತ್ತಾಳೆ,
ಬಿಳಿ ಚಕ್ರ ತಿರುಗುತ್ತದೆ, ಗಾಡಿಯ ಚಕ್ರವೂ.
ಒಮ್ಮೊಮ್ಮೆ ಅವಳು ಇಳಿದು
ಎರಡು ತಿರುವು ಕಳೆದ ಮೇಲೆ ಬರುತ್ತಾನೆ
ಕುಬೇರಪ್ಪ ಜಿ., ಇಪ್ಪತ್ತೆರಡು ರೂಪಾಯಿ.

ಯಾರಮ್ಮ ಇದು ಕುಬೇರ, ಅಂದೆ ಒಂದು ದಿನ, ತಮಾಷೆಗೆ.
'ನಮ್ಮ ಯಜಮಾನ್ರು. ಬಾಗಿಲ ಹತ್ರ ನಿಲ್ತಿದ್ರಲ್ಲ.'
ಹೌದು. ಸೀಟು ಖಾಲಿಯಿದ್ದರೂ ನಿಲ್ಲುತ್ತಿದ್ದ.
ಎರಡು ರೂಪಾಯಿಗೆ ನನ್ನ ವಂಶ ಜಾಲಾಡಿದವನು.
ಮೆಗ್ಗಾನಿಗೆ ಒಯ್ದದ್ದು ನಮ್ಮ ಗಾಡಿಯಲ್ಲೇ,
ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ;
ವಾಪಸು ಬರುವಾಗ ಬೇರೆ ಗಾಡಿ.
ಹತ್ತು ವರ್ಷ ಬೈದುಕೊಂಡವನ ಹೆಸರು
ಅವನು ಹೋದ ಮೇಲೆ ಗೊತ್ತಾಯಿತು ನನಗೆ.

ಆಮೇಲೆ ಗುಡ್ಡೇಕೆರೆ ಬಂದರೆ
ಬಾಗಿಲ ಕಂಬಿಯ ಹತ್ತಿರ ಸ್ವಲ್ಪ ಜಾಗ ಬಿಡಿಸುತ್ತಿದ್ದೆ.
ಟಿಕೆಟ್ಟು ತೆಗೆದವನಲ್ಲವೇ.

ಈ ಸೋಮವಾರ ಐವತ್ತರ ನೋಟು ಕೊಟ್ಟಳು.
ಮಡಿಸಿ ಮಡಿಸಿ ಬೆರಳಷ್ಟಾಗಿತ್ತು.
'ಬ್ಯಾಂಕಿನೋರು ಮರಣದ ಸರ್ಟಿಫಿಕೇಟ್ ಕೇಳಿದ್ರು, ಕೊಟ್ಟೆ.
ಖಾತೆ ಮುಚ್ಚಿದ್ರು.'
ನನ್ನ ಚರ್ಮದ ಚೀಲಕ್ಕೆ ಕೈ ಹಾಕಿದೆ.
ಊಟದ ಡಬ್ಬಿ, ಟೋಪಿ, ಗುಳಿಗೆಯ ಚೀಟಿ.
ಒಂದು ಕಾಲದಲ್ಲಿ ನಾಣ್ಯದ ಭಾರಕ್ಕೆ
ನನ್ನ ಎಡಭುಜ ಇಳಿದುಹೋಗಿತ್ತು.

ಟಿಕೆಟ್ಟು ತಿರುಗಿಸಿ ಬರೆದೆ, ೨೮.
ಮಷೀನಿನ ಅಕ್ಷರ ತಿಂಗಳಲ್ಲಿ ಮಾಸುತ್ತದೆ,
ಪೆನ್ನಿನದು ಇರುತ್ತದೆ.
ಅವಳು ಓದಿ ವಾಪಸು ಚಾಚಿದಳು:
'ಯಾರನ್ನ ಕೇಳ್ಬೇಕು ಅಂತ ಬರೀರಿ.
ನಾಳೆ ಇನ್ಯಾರೋ ಬಂದ್ರೆ?'

ಓನರಿನ ಕಾರ್ಡು ಎದೆಯ ಮೇಲೆ ಆಡುತ್ತಿತ್ತು,
ಅದರಲ್ಲಿರುವುದು ಓನರಿನ ಹೆಸರು.
ಕಂಬಿಗೆ ಒರಗಿ ಬರೆದೆ: ಹಾಲೇಶ.
ಡ್ರೈವರು ಆಗಲೇ ಗೇರು ಬದಲಿಸಬೇಕೆ,
ಕೊನೆಯಕ್ಷರದ ಬಾಲ ಉದ್ದಕ್ಕೆ ಎಳೆದು
ಇಪ್ಪತ್ತೆಂಟನ್ನೂ ದಾಟಿ ಕಾಗದದಾಚೆ ಹೋಯಿತು,
ನನ್ನ ಹೆಬ್ಬೆರಳ ಮೇಲೆ.